ಎರಡನೆಯ ಸೀನು

ನಮ್ಮೂರಲ್ಲಿ ಗಾಳಿ ಕರೆಯದೆ ಮನೆಯೊಳಗೆ ಬರುವುದಿಲ್ಲ, ಕಳಿಸಿಕೊಡದೆ ಹೊರಗೆ ಹೋಗುವುದೂ ಇಲ್ಲ. ಕಿಟಕಿ ತೆರೆದಿಟ್ಟರೆ ಸಾಕು ಎಂದುಕೊಳ್ಳುವವರು ಬೇರೆ ಊರಿನವರು. ಇಲ್ಲಿ ಬೆಳಿಗ್ಗೆ ಹೊಸ್ತಿಲು ತೊಳೆದು ರಂಗೋಲಿ ಬಿಟ್ಟ ಮೇಲೆ ಮನೆಯವರಲ್ಲಿ ಒಬ್ಬರು ಬಾಗಿಲಲ್ಲಿ ನಿಂತು ನಿನ್ನೆಯ ಗಾಳಿಗೆ "ಹೋಗಿ ಬನ್ನಿ" ಎನ್ನಬೇಕು. ಅದು ಗೇಟು ದಾಟುವವರೆಗೆ ನಿಂತಿರಬೇಕು. ಆಮೇಲೆ ಹೊಸದಕ್ಕೆ "ಬನ್ನಿ, ಒಳಗೆ ಬನ್ನಿ" ಎನ್ನಬೇಕು. ಕರೆದವರೇ ಕಳಿಸಬೇಕು, ಇನ್ನೊಬ್ಬರ ಮಾತಿಗೆ ಅದು ಕದಲುವುದಿಲ್ಲ. ಮರ್ಯಾದೆಯಲ್ಲಿ ಚೂರು ಹೆಚ್ಚುಕಮ್ಮಿಯಾದರೂ ಮುಖ ಊದಿಸಿಕೊಂಡು ಮೂಲೆ ಹಿಡಿಯುತ್ತದೆ, ಮನೆಮಂದಿಗೆಲ್ಲ ತಲೆನೋವು ಬರುತ್ತದೆ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಗಾಳಿಯನ್ನು ಕಳಿಸುವ ಅಧಿಕಾರ ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿಯವರು ತಮ್ಮ ತಾತಂದಿರ ಕಾಲದ ಗಾಳಿಯನ್ನೇ ಉಸಿರಾಡುತ್ತ ಆಕಳಿಸುತ್ತಿರುತ್ತಾರೆ. ನಾವು ಅವರನ್ನು ಸೋಮಾರಿಗಳೆಂದು ಬಯ್ಯುವುದಿಲ್ಲ, ಪಾಪ ಅನ್ನುತ್ತೇವೆ.

ಹಾಗೆ ನೋಡಿದರೆ ನಮ್ಮೂರ ಗಾಳಿ ಒಳ್ಳೆಯ ಮನೆತನದ್ದೇ. ಅದಕ್ಕಿರುವ ದೌರ್ಬಲ್ಯ ಒಂದೇ, ಶಕುನ. ಹೊರಟು ನಿಂತಾಗ ಒಂಟಿ ಸೀನು ಕಿವಿಗೆ ಬಿತ್ತೋ, ನಮ್ಮ ನಿಮ್ಮ ಹಾಗೆಯೇ ತಿರುಗಿ ಬಂದು ಕೂತುಬಿಡುತ್ತದೆ. ನಾವಾದರೆ ಒಂದು ಲೋಟ ನೀರು ಕುಡಿದು ಮತ್ತೆ ಹೊರಡುತ್ತೇವೆ. ಗಾಳಿ ನೀರು ಕುಡಿಯುವುದಿಲ್ಲವಾದ್ದರಿಂದ ಆ ದಿನ ಹೊರಡುವುದೇ ಇಲ್ಲ. ಸೀನಿನ ಬೆನ್ನಿಗೆ ಇನ್ನೊಂದು ಸೀನು ಬಂದರೆ ಮಾತ್ರ ಜೋಡಿ ಸೀನು ಶುಭವೆಂದು ನಗುನಗುತ್ತ ಹೋಗುತ್ತದೆ. ನೆಗಡಿಯಾದವರು ಬೆಳಗಿನ ಹೊತ್ತು ಬಾಯಿಗೆ ಟವೆಲು ಒತ್ತಿಕೊಂಡು ಹಿತ್ತಿಲಿಗೆ ಓಡುವುದನ್ನು ನಮ್ಮೂರಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಇಂಥ ಊರಲ್ಲಿ ನಾನು ಎಸಿ ಅಂಗಡಿ ಇಟ್ಟಿದ್ದೇನೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ, ಎರಡನ್ನೂ ಕೊಡುವ ಯಂತ್ರ. ಗಿರಾಕಿಗಳು ಬರುತ್ತಾರೆ, ತಟ್ಟಿ ನೋಡುತ್ತಾರೆ, "ಇದು ಗಾಳೀನ ಮಾತಾಡ್ಸುತ್ತಾ?" ಎಂದು ಕೇಳುತ್ತಾರೆ, ಇಲ್ಲವೆಂದರೆ ಒಂದು ಟೀ ಕುಡಿದು ಎದ್ದು ಹೋಗುತ್ತಾರೆ. ಯಂತ್ರಕ್ಕೆ ಮಾತೇಕೆ? ಗಾಳಿಯನ್ನು ಎಳೆದುಕೊಳ್ಳುತ್ತದೆ, ಜಾಲರಿಯಲ್ಲಿ ಸೋಸುತ್ತದೆ, ಬೇಕಾದ ಹದಕ್ಕೆ ತಂದು ಹೊರಗೆ ಬಿಡುತ್ತದೆ, ಗಾಳಿಯ ಮುಲಾಜು ನಮಗೇಕೆ ಎಂಬುದು ಆಗ ನನ್ನ ವಾದವಾಗಿತ್ತು. ವಾದದಲ್ಲಿ ನಾನು ಎಂದೂ ಸೋತವನಲ್ಲ. ವ್ಯಾಪಾರವಾಗುತ್ತಿರಲಿಲ್ಲ, ಅಷ್ಟೆ.

ಹೋದ ಮಾಗಿಯಲ್ಲಿ ನನ್ನ ಹೆಂಡತಿ ವಾರಿಜ ಬಾಣಂತನಕ್ಕೆ ತವರಿಗೆ ಹೋದಳು. ತವರೆಂದರೆ ದೂರವೇನಲ್ಲ, ನಮ್ಮ ಮನೆಯ ಹಿಂದಿನ ಬೀದಿ. ಆ ಮನೆಯಲ್ಲಿ ನಮ್ಮತ್ತೆ ಇದ್ದಾರೆ, ಅತ್ತೆಯ ಅತ್ತೆ ಪುಟ್ಟತಾಯಜ್ಜಿ ಇದ್ದಾರೆ. ಆ ಮನೆಯಲ್ಲಿ ನಮ್ಮತ್ತೆ ಇದ್ದಾರೆಂಬುದು ಗೊತ್ತಾಗಬೇಕಾದರೆ ಅಜ್ಜಿ ಊರಲ್ಲಿರಬಾರದು. ಅಜ್ಜಿ ಈವರೆಗೆ ಊರು ಬಿಟ್ಟು ಹೋದದ್ದಿಲ್ಲ.

ಬಾಣಂತನದಲ್ಲಿ ಪುಟ್ಟತಾಯಜ್ಜಿಯ ಹೆಸರು ಊರಿಗೇ ಗೊತ್ತು. ಕೋಣೆಯ ಕಿಟಕಿ ಭದ್ರ, ಸಂದುಗೊಂದಿಗೆಲ್ಲ ಹಳೇ ಸೀರೆಯ ಚೂರು. ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಹಗಲಿರುಳು ಕೆಂಡ. ಅದರ ಮೇಲೆ ಬೆಳಿಗ್ಗೆ ಸಾಂಬ್ರಾಣಿ, ಸಂಜೆ ಓಮ ಮತ್ತು ಬೆಳ್ಳುಳ್ಳಿ ಸಿಪ್ಪೆ. ಬಾಣಂತಿಯ ತಲೆಗೆ ಕುಲಾವಿ, ಕಿವಿಗೆ ಹತ್ತಿ. ಗಂಡಸರಿಗೆ ಹೊಸ್ತಿಲ ತನಕ ಮಾತ್ರ ಅಪ್ಪಣೆ. ಅಜ್ಜಿ ಆ ಹೊಗೆಯ ಮುಂದೆಯೇ ಕುಕ್ಕರಗಾಲಲ್ಲಿ ಕೂತು, ತೋರುಬೆರಳನ್ನು ಮೂಗಿನ ಕೆಳಗೆ, ಮೇಲ್ದುಟಿಯ ಮೇಲೆ ಅಡ್ಡಲಾಗಿ ಒತ್ತಿಕೊಂಡು, ಏನೋ ದೊಡ್ಡ ವಿಚಾರ ಮಾಡುತ್ತಿರುತ್ತಾರೆ. ಅದು ಅವರ ಗತ್ತು. ನಡುಮನೆಯ ಗೋಡೆಯ ಮೇಲೆ ಅವರು ಸೊಸೆಯಾಗಿ ಬಂದ ಹೊಸತರಲ್ಲಿ ತೆಗೆಸಿದ ಫೋಟೋ ಇದೆ, ಅದರಲ್ಲೂ ಬೆರಳು ಅಲ್ಲೇ ಇದೆ. ಊರ ಹೆಂಗಸರು ದೊಡ್ಡಸ್ತಿಕೆ ತೋರಿಸಬೇಕಾದಾಗ ಅದೇ ರೀತಿ ಬೆರಳಿಟ್ಟುಕೊಳ್ಳುತ್ತಾರೆ.

"ಅರವತ್ತು ವರ್ಷದಿಂದ ಈ ಹೊಗೆ ಮುಂದೆ ಕೂತಿವ್ನಿ. ಒಂದು ದಿನ ನಾನು ಸೀನಿದ್ದು ಯಾರಾನಾ ಕಂಡಿದ್ರೆ ಹೇಳಿ" ಎಂದು ಅಜ್ಜಿ ಸವಾಲು ಹಾಕುತ್ತಿದ್ದರು. ಯಾರೂ ಕಂಡಿರಲಿಲ್ಲ. ಹೊಗೆ ಒಳ್ಳೆಯದೆಂಬುದಕ್ಕೆ ಊರಿನಲ್ಲಿ ಅದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ.

ತಪ್ಪು ನಡೆದದ್ದು ಮಗುವನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನ, ಅದು ನನ್ನಿಂದಲೇ. ಹೆಣ್ಣು ಕೂಸು, ಅಂಗೈಯಗಲ ಮುಖ. ಅತ್ತೆ ಹೊಸ್ತಿಲಲ್ಲಿ ಆರತಿ ಹಿಡಿದು ನಿಂತಿದ್ದರು. ನಾನು ಸಂತೋಷ ತಡೆಯಲಾರದೆ ಎಲ್ಲರಿಗಿಂತ ಮುಂದೆ ಓಡಿ, ಎರಡೂ ಕೈ ಚಾಚಿ, "ಬನ್ನಿ ಬನ್ನಿ, ಒಳಗೆ ಬನ್ನಿ, ನಿಮ್ಮದೇ ಮನೆ" ಎಂದೆ. ಹೇಳಿದ್ದು ನನ್ನ ಮಗಳಿಗೆ. ಆದರೆ ಗೇಟಿನ ಹತ್ತಿರ ಬೀದಿಯ ಗಾಳಿ ಸುಮ್ಮನೆ ನಿಂತಿತ್ತು. ನಿಮ್ಮದೇ ಮನೆ ಎಂದು ಯಾರು ತಾನೇ ಅದಕ್ಕೆ ಹೇಳಿದ್ದರು? ಬಾಗಿಲ ತೋರಣವನ್ನು ಅಲುಗಿಸುತ್ತ ಮಗುವಿನ ಹಿಂದೆಯೇ ಒಳಗೆ ಹೋಯಿತು, ನೇರ ಬಾಣಂತಿ ಕೋಣೆಗೆ. ಅಜ್ಜಿ ಬಾಗಿಲು ಮುಚ್ಚಿದರು.

ಬಾಣಂತಿ ಕೋಣೆಯ ಮುಂದೆ ನಾಮಕರಣ ಮುಗಿಯುವ ತನಕ "ಹೋಗಿ ಬನ್ನಿ" ಎಂಬ ಮಾತು ಆಡಬಾರದು, ಕೂಸಿದ್ದ ಕಡೆ ಬೀಳ್ಕೊಡುವ ಮಾತು ಒಳ್ಳೆಯದಲ್ಲ ಎಂಬುದು ಅಜ್ಜಿಯ ಕಾನೂನು. ಹಾಗಾಗಿ ನನ್ನ ಅತಿಥಿ ಒಳಗೇ ಉಳಿಯಿತು. ದಿನ ದಿನಕ್ಕೂ ಕೆಂಡದ ಕಾವು, ಸಾಂಬ್ರಾಣಿ, ಬೆಳ್ಳುಳ್ಳಿ, ಎಣ್ಣೆ, ಒದ್ದೆ ಬಟ್ಟೆ ಎಲ್ಲವನ್ನೂ ಮೈಗೆ ಹತ್ತಿಸಿಕೊಂಡು ದಪ್ಪಗಾಯಿತು. ಹೊಸ್ತಿಲಲ್ಲಿ ನಿಂತರೆ ನನಗೆ ಕಣ್ಣುರಿ ಬರುತ್ತಿತ್ತು. ದೊಡ್ಡವರ ಮಾತಿರಲಿ, ಕೂಸಿಗೆ ಮೂಗು ಕಟ್ಟಿತು. ಮೂಗು ಕಟ್ಟಿದ ಕೂಸಿಗೆ ಹಾಲು ಕುಡಿಯಲಾಗುವುದಿಲ್ಲ. ಎರಡು ಗುಟುಕು ಎಳೆದು, ಉಸಿರಿಗಾಗಿ ಬಾಯಿ ಬಿಟ್ಟು, ಮತ್ತೆ ಹಾಲಿಗಾಗಿ ಅತ್ತು, ಅಳುವುದಕ್ಕೂ ಉಸಿರು ಸಾಲದೆ ಸುಮ್ಮನಾಗುತ್ತಿತ್ತು. ಎದೆಗೆ ಕಿವಿಯಿಟ್ಟರೆ ಗೊರಗೊರ. ನನಗೆ ಹೆದರಿಕೆಯಾಯಿತು. ಅಂಥ ಹೆದರಿಕೆ ನನಗೆ ಅದುವರೆಗೆ ಗೊತ್ತಿರಲಿಲ್ಲ.

"ಅಜ್ಜಿ, ಆ ಕೆಂಡ ಒಂದು ತೆಗೀರಿ" ಎಂದೆ.

"ನಿನ್ನ ಹೆಂಡ್ತೀನ ಇದೇ ಹೊಗೇಲಿ ಬೆಳ್ಸಿದ್ದು ಕಣಪ್ಪ. ಏನಾಗವ್ಳೆ ಹೇಳು?"

ಬಾಣಂತಿ ಹೆಂಡತಿ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಾಗ ಆ ಪ್ರಶ್ನೆಗೆ ಯಾವ ಗಂಡ ಉತ್ತರ ಕೊಡುತ್ತಾನೆ? ನಾನು ಅಂಗಡಿಗೆ ಹೋಗಿ ಇರುವುದರಲ್ಲೇ ಒಳ್ಳೆಯ ಎಸಿ ಹೊತ್ತು ತಂದೆ. ಕೆಂಡವಿಲ್ಲದೆ ಕೋಣೆ ಬೆಚ್ಚಗಿರುತ್ತದೆ, ಧೂಳು ಹೊಗೆ ಎಲ್ಲ ಜಾಲರಿಯಲ್ಲಿ ನಿಲ್ಲುತ್ತದೆ, ಇನ್ನೇನು ಬೇಕು? ತಾಯಿಗೂ ಮಗುವಿಗೂ ಬಚ್ಚಲಲ್ಲಿ ನೀರು ಹಾಕುವ ಹೊತ್ತಿನಲ್ಲಿ ಒಳಗೆ ಹೋಗಿ ಗೋಡೆಗೆ ಹಾಕಿಬಂದೆ. ಅಜ್ಜಿ ಬೇಡ ಅನ್ನಲಿಲ್ಲ. "ಅಳಿಯದೇವ್ರು ತಂದವ್ರೆ, ಇರ್ಲಿ, ನೋಡಕ್ಕೆ ಚೆನ್ನಾಗದೆ" ಎಂದರು. ಕೆಂಡವನ್ನೂ ತೆಗೆಯಲಿಲ್ಲ.

ಯಂತ್ರ ಚೆನ್ನಾಗಿಯೇ ನಡೆಯಿತು, ಅದೇ ಕಷ್ಟವಾಯಿತು. ಒಳಗಿದ್ದ ಗಾಳಿ ಮೇಲಿನ ಬಾಯಿಂದ ಯಂತ್ರದೊಳಗೆ ಹೋಗುವುದು, ಮೈ ಬೆಚ್ಚಗೆ ಮಾಡಿಕೊಂಡು ಕೆಳಗಿನ ಬಾಯಿಂದ ಬರುವುದು, ಕೆಂಡದ ಹತ್ತಿರ ಒಂದಿಷ್ಟು ಹೊಗೆ ಕುಡಿದು ಮತ್ತೆ ಮೇಲಕ್ಕೆ ಹೋಗುವುದು. ಮಾವನ ಮನೆಯಲ್ಲಿ ಬಿಸಿಬಿಸಿ ಎಣ್ಣೆನೀರು ಸಿಕ್ಕ ಅಳಿಯ ತಾನಾಗಿ ಹೊರಟದ್ದುಂಟೇ? ಅನುಭವದಿಂದ ಹೇಳುತ್ತಿದ್ದೇನೆ. ಹೊಸ ಗಾಳಿ ಒಂದು ಚೂರೂ ಒಳಗೆ ಬರಲಿಲ್ಲ, ಹಳೆಯದು ಒಂದು ಚೂರೂ ಹೋಗಲಿಲ್ಲ. ಅದೇ ಗಾಳಿ, ಈಗ ಬೆಚ್ಚಗಿತ್ತು, ಅಷ್ಟೆ. ಕೂಸಿನ ಎದೆಯ ಸದ್ದು ನಡುಮನೆಗೆ ಕೇಳಿಸತೊಡಗಿತು.

ಡಾಕ್ಟರಮ್ಮ ಬಂದು ನೋಡಿ, ಹೊರಗೆ ಹೋಗಿ ಚೆನ್ನಾಗಿ ಕೆಮ್ಮಿ, ಒಳಗೆ ಬಂದರು. "ಔಷಧಿ ಏನೂ ಬೇಡ. ಈ ಗಾಳಿ ಹೋಗ್ಬೇಕು, ಒಳ್ಳೇ ಗಾಳಿ ಬರ್ಬೇಕು. ಇನ್ನು ಮೂರು ದಿನದಲ್ಲಿ ಮೂಗು ಬಿಡದಿದ್ರೆ ಆಸ್ಪತ್ರೆಗೆ ಸೇರಿಸ್ಕೋಬೇಕಾಗುತ್ತೆ. ಹಾಲು ಹೋಗದಿದ್ರೆ ಮೂಗಿಗೆ ನಳಿಗೆ ಹಾಕ್ಬೇಕು" ಎಂದರು. ವಾರಿಜ ಕೂಸನ್ನು ಎದೆಗೊತ್ತಿಕೊಂಡಳು. ಅಜ್ಜಿ ಒಂದು ಬೆರಳನ್ನು ತುಟಿಯ ಮೇಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಕೆಂಡ ಕೆದಕಿದರು.

"ಕಳಿಸು" ಎಂದರು ನನಗೆ. "ನೀನು ಕರ್ದಿದ್ದು, ನೀನೇ ಕಳಿಸು. ಆದ್ರೆ ಕೆಂಡ ಇರ್ತದೆ. ಬಾಣಂತಿಗೆ ಶೀತ ಆದ್ರೆ ನೀನು ಬಂದು ಕಷಾಯ ಕಾಸ್ತೀಯಾ?"

ಮಾರನೆಯ ಬೆಳಿಗ್ಗೆ ಕಿಟಕಿ ತೆರೆಸಿ, ಹೊಸ್ತಿಲಲ್ಲಿ ನಿಂತು, ವಿನಯದಿಂದ ಕೈ ಮುಗಿದೆ. "ನಮ್ಮಿಂದ ಏನಾದರೂ ಕೊರತೆಯಾಗಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹೋಗಿ ಬನ್ನಿ." ಕಿಟಕಿಯ ಪರದೆಯ ಅಂಚು ಮೇಲೆದ್ದಿತು. ಗಾಳಿ ಎದ್ದಿತು. ಏಳುವಾಗ ತೊಟ್ಟಿಲ ಪಕ್ಕದಲ್ಲೇ ಹಾಯಬೇಕು, ಮೈ ತುಂಬ ಹೊಗೆ ಬೇರೆ. ಕೂಸು ಮುಖ ಕಿವುಚಿತು. "ಇಕ್ಷಿ." ಒಂದೇ ಒಂದು ಸೀನು.

"ಚಿರಾಯು, ಚಿರಾಯು" ಎಂದರು ಅತ್ತೆ.

ಪರದೆ ಕೆಳಗಿಳಿಯಿತು. ಗಾಳಿ ವಾಪಸು ಬಂದು ಮಂಚದ ತಲೆದೆಸೆಯಲ್ಲಿ ಕೂತಿತು.

ಎರಡನೆಯ ದಿನ ನಾವು ತಯಾರಾಗಿದ್ದೆವು. ಕೂಸು ಸೀನಿದ ತಕ್ಷಣ ಇನ್ನೊಬ್ಬರು ಸೀನಿ ಜೋಡಿ ಮಾಡಬೇಕು, ಅದೂ ಕೋಣೆಯ ಒಳಗಿನಿಂದ. ಹೊಸ್ತಿಲಾಚೆಯ ಸೀನನ್ನು ಗಾಳಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ನನ್ನಿಂದ ಪ್ರಯೋಜನವಿಲ್ಲ. ಬಾಣಂತಿ ಸೀನಿದರೆ ಹೊಟ್ಟೆ ಹಿಡಿಯುತ್ತದೆಂದು ಅಜ್ಜಿ ವಾರಿಜಳನ್ನು ಸೀನಲು ಬಿಡಲಿಲ್ಲ. ಅಜ್ಜಿಯಂತೂ ಸೀನುವವರೇ ಅಲ್ಲ. ಉಳಿದವರು ಅತ್ತೆ. ಅಂಗೈಯಲ್ಲಿ ಮೆಣಸಿನ ಪುಡಿ ಹಿಡಿದು ತೊಟ್ಟಿಲ ಹತ್ತಿರ ನಿಂತರು. ನಾನು "ಹೋಗಿ ಬನ್ನಿ" ಎಂದೆ, ಪರದೆ ಎದ್ದಿತು, ಕೂಸು ಸೀನಿತು, ಅತ್ತೆ ಪುಡಿ ಎಳೆದರು, ಸೀನಿದರು. ನಾನು ಚಪ್ಪಾಳೆ ತಟ್ಟುವಷ್ಟರಲ್ಲಿ ಇನ್ನೊಂದು ಸೀನಿದರು. ನಮ್ಮತ್ತೆಗೆ ಯಾವಾಗಲೂ ಎರಡೆರಡೇ ಬರುವುದು. ಒಟ್ಟು ಮೂರಾಯಿತು. ಗಾಳಿ ಒಂದು ಗಳಿಗೆ ಎಣಿಸಿ ನೋಡಿ, ಕೂತಿತು.

"ಇನ್ನೊಂದು ಸೀನ್ರಿ ಅತ್ತೆ" ಎಂದು ಬೇಡಿಕೊಂಡೆ.

"ಬಂದ್ರೆ ಎರಡು ಬರ್ತವೆ ಅಳಿಯಂದ್ರೆ, ಇಲ್ದಿದ್ರೆ ಇಲ್ಲ" ಎಂದರು ಅತ್ತೆ, ಕಣ್ಣು ಮೂಗು ಒರೆಸಿಕೊಳ್ಳುತ್ತ. ಆ ಮನೆಯಲ್ಲಿ ಅವರದೆಂದು ಇದ್ದ ಹಟ ಅದೊಂದೇ, ಅದೂ ಇಂಥ ದಿನ ಹೊರಗೆ ಬಂದಿತ್ತು.

ಆ ಸಂಜೆ ಕೂಸು ಹಾಲನ್ನು ಮುಟ್ಟಲೇ ಇಲ್ಲ. ವಾರಿಜ ಅಳುತ್ತಿದ್ದಳು. ನಾನು ಹೊಸ್ತಿಲಲ್ಲಿ ಕೂತಿದ್ದೆ. ಅಜ್ಜಿ ಕೂಸಿನ ಅಂಗಾಲಿಗೆ ಎಣ್ಣೆ ತಿಕ್ಕುತ್ತಿದ್ದರು, ಮೂರು ದಿನದಿಂದ ಅವರು ಸರಿಯಾಗಿ ಮಲಗಿರಲಿಲ್ಲ. ಇದ್ದಕ್ಕಿದ್ದ ಹಾಗೆ ತಲೆ ಎತ್ತಿ ಯಂತ್ರವನ್ನು ನೋಡಿದರು.

"ಅದೇನೋ ಸೋಸ್ತದೆ ಅಂದ್ಯಲ್ಲ, ಏನು ಸೋಸಿದೆ, ತೋರ್ಸು."

ನಾನು ಹೇಳಿಕೊಟ್ಟ ಹಾಗೆ ಅತ್ತೆ ಯಂತ್ರದ ಮುಚ್ಚಳ ಎತ್ತಿ ಜಾಲರಿಯನ್ನು ಎಳೆದರು. ಹಾಕಿದಾಗ ಬಿಳಿಯಿತ್ತು. ಈಗ ರೊಟ್ಟಿ ಹೆಂಚಿನ ಬೆನ್ನಿನ ಹಾಗೆ ಕಪ್ಪಗೆ, ಜಿಡ್ಡು ಜಿಡ್ಡಾಗಿತ್ತು. ಅಜ್ಜಿ ಅದರ ಮೇಲೆ ತೋರುಬೆರಳು ಎಳೆದರು. ಬೆರಳು ಕರ್ರಗಾಯಿತು. ಬೆರಳನ್ನು ನೋಡಿದರು. ಆಮೇಲೆ ಬಗ್ಗಿ ಕೂಸಿನ ಮೂಗನ್ನು ನೋಡಿದರು. ಆ ಪುಟ್ಟ ಹೊಳ್ಳೆಗಳ ಒಳಅಂಚಿನಲ್ಲಿ ಕಾಡಿಗೆಯ ಗೆರೆ ಎಳೆದ ಹಾಗೆ ಅದೇ ಕಪ್ಪಿತ್ತು. ನಾವು ಯಾರೂ ಅದನ್ನು ನೋಡಿರಲಿಲ್ಲ, ಮಸಿಯೇ ತುಂಬಿದ ಕೋಣೆಯಲ್ಲಿ ಯಾರು ನೋಡುತ್ತಾರೆ?

ಅಜ್ಜಿ ಎದ್ದು, ಇಕ್ಕಳ ತಂದು, ಅಗ್ಗಿಷ್ಟಿಕೆಯನ್ನು ತಾವೇ ಹಿಡಿದು ಹಿತ್ತಿಲಿಗೆ ಒಯ್ದು ನೀರು ಸುರಿದರು. ಅದು ಚುಂಯ್ ಎಂದ ಸದ್ದು ನಮಗೆಲ್ಲ ಕೇಳಿಸಿತು. ಯಾರೂ ಗೆದ್ದ ಮುಖ ಮಾಡಲಿಲ್ಲ. ನಾನು ಮಾಡಬಹುದಿತ್ತು, ಆದರೆ ಕೆಂಡ ಹೋದರೂ ಗಾಳಿ ಅಲ್ಲೇ ಇತ್ತು, ಇಷ್ಟು ದಿನದ ಹೊಗೆಯನ್ನೆಲ್ಲ ಮಡಿಲಲ್ಲಿ ಕಟ್ಟಿಕೊಂಡು.

ಮೂರನೆಯ ಬೆಳಿಗ್ಗೆ ಬೀದಿಯಲ್ಲಿ ಆಸ್ಪತ್ರೆಗೆ ಹೋಗುವ ಆಟೋ ಬಂದು ನಿಂತಿತ್ತು. ವಾರಿಜ ಕೂಸಿನ ಬಟ್ಟೆ ಗಂಟು ಕಟ್ಟಿಟ್ಟಿದ್ದಳು. ಕೊನೆಯ ಸಲ ನೋಡೋಣವೆಂದು ಎಲ್ಲರೂ ಅವರವರ ಜಾಗದಲ್ಲಿ ನಿಂತೆವು. ಅತ್ತೆಯನ್ನು ಹಿತ್ತಿಲಿಗೆ ಕಳಿಸಿ, ಬಾಯಿಗೆ ಟವೆಲು ಕೊಟ್ಟಿದ್ದೆವು. ಒಳಗೆ ವಾರಿಜ, ತೊಟ್ಟಿಲು, ಅಜ್ಜಿ. ಅಜ್ಜಿ ರಾತ್ರಿ ಬೆರಳು ತೊಳೆದಂತಿರಲಿಲ್ಲ. ಅದನ್ನು ತುಟಿಯ ಮೇಲೆ ಒತ್ತಿಕೊಂಡಿದ್ದರಿಂದ ಮೂಗಿನ ಕೆಳಗೆ ಒಂದು ಚೆಂದದ ಮೀಸೆ ಮೂಡಿತ್ತು. ನಗಬೇಕಾದ ನೋಟ. ನನಗೆ ನಗು ಬರಲಿಲ್ಲ.

"ಹೋಗಿ ಬನ್ನಿ" ಎಂದೆ.

ಪರದೆ ಎದ್ದಿತು. ಗಾಳಿ ತೊಟ್ಟಿಲು ದಾಟಿತು. ಕೂಸು "ಇಕ್ಷಿ" ಎಂದಿತು, ಹಿಂದಿನ ದಿನಗಳಿಗಿಂತ ಬಹಳ ಸಣ್ಣ ಸದ್ದು, ಸೀನುವುದಕ್ಕೂ ಅದರಲ್ಲಿ ಕಸುವಿರಲಿಲ್ಲ. ಪರದೆ ಅರ್ಧದಲ್ಲಿ ನಿಂತಿತು.

ಆಗ ನಾನು ಅಜ್ಜಿಯ ಮುಖ ನೋಡಿದೆ. ಹಣೆಯ ನರ ಉಬ್ಬಿತ್ತು. ಕಣ್ಣು ತುಂಬಿ ತುಳುಕುತ್ತಿತ್ತು. ಬೆರಳು ಉಗುರು ಬಿಳಿಯಾಗುವಷ್ಟು ಗಟ್ಟಿಯಾಗಿ ಮೂಗಿನ ಕೆಳಗೆ ಒತ್ತಿತ್ತು. ಆ ಬೆರಳು ಇಷ್ಟು ವರ್ಷ ಅಲ್ಲಿ ಏನು ಮಾಡುತ್ತಿತ್ತೆಂದು ನನಗೆ ಆ ಗಳಿಗೆಯಲ್ಲಿ ತಿಳಿಯಿತು. ವಿಚಾರವೂ ಅಲ್ಲ, ಗತ್ತೂ ಅಲ್ಲ. ಹೊಸ ಸೊಸೆಯಾಗಿ ಆ ಹೊಗೆಯ ಮುಂದೆ ಕೂತ ದಿನದಿಂದ ಆ ಹೆಂಗಸು ಸೀನು ತಡೆದುಕೊಂಡೇ ಬಂದಿದ್ದರು. ವಾರಿಜಳಿಗೂ ತಿಳಿದಿರಬೇಕು.

"ಅಜ್ಜಿ" ಎಂದಳು, ಅಷ್ಟೇ.

ಅಜ್ಜಿ ತೊಟ್ಟಿಲೊಳಗೆ ನೋಡಿದರು. ಕೂಸು ಬಾಯಿ ತೆರೆದು ಉಸಿರನ್ನು ಹುಡುಕುತ್ತಿತ್ತು. ಅಜ್ಜಿ ಬೆರಳು ತೆಗೆದರು.

ಅಂಥ ಸೀನನ್ನು ನಮ್ಮೂರು ಕೇಳಿರಲಿಲ್ಲ. ಅಟ್ಟದ ಮೇಲಿದ್ದ ತಪ್ಪಲೆ ಉರುಳಿ ಬಿತ್ತು. ಬೀದಿಯಲ್ಲಿ ಆಟೋದವನು ಏನೋ ಒಡೆಯಿತೆಂದು ಇಳಿದು ಚಕ್ರ ನೋಡಿದ. ಹಿತ್ತಿಲಲ್ಲಿ ಅತ್ತೆ ಟವೆಲಿನೊಳಗಿಂದಲೇ "ಯಾರದು?" ಎಂದರು. ಗಾಳಿಗೆ ಮಾತ್ರ ಲೆಕ್ಕ ಸ್ಪಷ್ಟವಾಗಿತ್ತು. ಪರದೆಯನ್ನು ಮಾಡಿನ ತನಕ ಹಾರಿಸಿ, ಸಾಂಬ್ರಾಣಿ, ಬೆಳ್ಳುಳ್ಳಿ, ಮಸಿ ಎಲ್ಲವನ್ನೂ ಎತ್ತಿಕೊಂಡು, ಕಿಟಕಿಯಿಂದ ಹೊರಟಿತು. ನಾನು ಗೇಟಿನ ತನಕ ಓಡಿದೆ. ಗೇಟಿನಲ್ಲಿ ನಿಂತು ಮಾತಾಡದೆ ಯಾವ ನೆಂಟರನ್ನು ಕಳಿಸಲಾಗುತ್ತದೆ? ನಾಮಕರಣಕ್ಕೆ ಬರಬೇಕೆಂದೆ, ಬೀದಿಯಲ್ಲಿ ಹುಷಾರೆಂದೆ, ಮಗಳಿಗೆ ನಿಮ್ಮ ಆಶೀರ್ವಾದವಿರಲಿ ಎಂದೆ. ಅದು ತಿರುವಿನಲ್ಲಿ ಮರೆಯಾದ ಮೇಲೆಯೇ ಒಳಗೆ ಬಂದೆ.

ಅಷ್ಟರಲ್ಲಿ ಅಜ್ಜಿ ಕಿಟಕಿಯ ಹತ್ತಿರ ನಿಂತು ಬೆಳಗಿನ ಗಾಳಿಯನ್ನು ಒಳಗೆ ಕರೆಯುತ್ತಿದ್ದರು. "ಬನ್ನಿ. ಕೂಸೈತೆ, ಮೆಲ್ಲಗೆ ಬನ್ನಿ." ಆಮೇಲೆ ಕಿಟಕಿಯನ್ನು ಒಂದು ಗೇಣು ಮಾತ್ರ ಬಿಟ್ಟು ಉಳಿದದ್ದನ್ನು ಮುಚ್ಚಿ, "ಆ ನಿನ್ನ ಡಬ್ಬ ಹಚ್ಚು, ಬಾಣಂತಿಗೆ ಚಳಿ" ಎಂದರು. ಜಾಲರಿಯನ್ನು ಅವರೇ ಸೀಗೆಪುಡಿ ಹಾಕಿ ತೊಳೆದು ತಂದರು. ಹೊಸ ಗಾಳಿ ಯಂತ್ರದಲ್ಲಿ ಒಂದು ಸುತ್ತು ಬಂದು ಬೆಚ್ಚಗಾಗಿ ತೊಟ್ಟಿಲ ಮೇಲೆ ಹಾಯಿತು. ಮಧ್ಯಾಹ್ನದ ಹೊತ್ತಿಗೆ ಕೂಸಿನ ಮೂಗು ಬಿಟ್ಟಿತು. ತಾಯಿಯ ಎದೆಗೆ ಬಾಯಿಟ್ಟು, ನಡುವೆ ಒಮ್ಮೆಯೂ ನಿಲ್ಲಿಸದೆ, ಗುಟುಕು ಗುಟುಕಾಗಿ ಕುಡಿಯಿತು. ಆ ಸದ್ದನ್ನು ಕೇಳುತ್ತ ಹೊಸ್ತಿಲಲ್ಲಿ ಕೂತಿದ್ದ ನನಗೆ ಅಳು ಬಂತು. ನಮ್ಮತ್ತೆ ಏಕೆಂದು ಕೇಳಿದಾಗ ಹೊಗೆಯಿಂದ ಎಂದೆ. ಹೊಗೆ ಆಗಲೇ ಊರಾಚೆಗೆ ಹೋಗಿತ್ತು. ಆಟೋದವನನ್ನು ಕಾಫಿ ಕೊಟ್ಟು ಕಳಿಸಿದೆವು.

ಸಂಜೆ ಅಕ್ಕಪಕ್ಕದವರು ಬಂದು ಬೆಳಿಗ್ಗೆ ಅದೇನು ಸದ್ದೆಂದು ಕೇಳಿದರು. ಅಜ್ಜಿ ಮೀಸೆ ತೊಳೆದುಕೊಂಡು, ಕುಲಾವಿ ಹೊಲಿಯುತ್ತ, "ತಪ್ಪಲೆ ಬಿತ್ತು" ಎಂದರು. ಯಾರೂ ಸುಳ್ಳೆನ್ನಲಿಲ್ಲ. ತಪ್ಪಲೆ ಬಿದ್ದದ್ದು ನಿಜವೇ ಆಗಿತ್ತು.

ಈಗ ನನ್ನ ಅಂಗಡಿಯಲ್ಲಿ ವ್ಯಾಪಾರ ಪರವಾಗಿಲ್ಲ. ಇದು ಗಾಳಿಯನ್ನು ಮಾತಾಡಿಸುತ್ತದೆಯೇ ಎಂದು ಯಾರಾದರೂ ಕೇಳಿದರೆ, ಇಲ್ಲ, ಮಾತು ನೀವೇ ಆಡಬೇಕು, ಕಿಟಕಿ ಒಂದು ಗೇಣು ಬಿಡಬೇಕು, ಜಾಲರಿ ತೊಳೆಯುತ್ತಿರಬೇಕು, ಉಳಿದದ್ದು ಇದು ನೋಡಿಕೊಳ್ಳುತ್ತದೆ ಎನ್ನುತ್ತೇನೆ. ಮಗಳು ದುಂಡಗಾಗಿದ್ದಾಳೆ, ಅಂಬೆಗಾಲಿಡುತ್ತಾಳೆ, ಅಜ್ಜಿಯ ಬೆರಳು ಹಿಡಿದು ನಿಲ್ಲುತ್ತಾಳೆ. ಆ ಬೆರಳಿಗೆ ಈಗ ಬೇರೆ ಕೆಲಸವಿಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಾದರೂ ಹೊರಟ ಗಾಳಿ ಒಂಟಿ ಸೀನಿಗೆ ಬೆದರಿ ನಿಂತರೆ, ಮದುವೆ ಮಾತಿಗೆ ಹೊರಟವರು ಹೊಸ್ತಿಲಲ್ಲೇ ತಡೆದು ನಿಂತರೆ, ಯಾರೋ ಓಡಿಬಂದು ಪುಟ್ಟತಾಯಜ್ಜಿಯನ್ನು ಕರೆಯುತ್ತಾರೆ. ಅಜ್ಜಿ ಸೆರಗು ಸರಿಮಾಡಿಕೊಂಡು ಹೋಗಿ, ಎರಡನೆಯದನ್ನು ಕೊಟ್ಟು ಬರುತ್ತಾರೆ. ಅರವತ್ತು ವರ್ಷದ ದಾಸ್ತಾನು, ಇನ್ನೂ ಮುಗಿದಿಲ್ಲ.